ಸೈನೋ ಅಂಟಿನ ಬಾಟಲಿ: ದಾರಿಯಲ್ಲಿ ಸೋರುತ್ತದೆ, ಎರಡನೇ ಸಲ ಮುಚ್ಚಳ ಬಿಚ್ಚುವುದಿಲ್ಲ

ಬೈಕಂಪಾಡಿ_ಫಿಲ್ಲಿಂಗ್ ಕೇಳಿದ್ದು:

ಮಂಗಳೂರಿನ ಬೈಕಂಪಾಡಿಯಲ್ಲಿ ಈಥೈಲ್ ಸೈನೋಅಕ್ರಿಲೇಟ್ ಅಂಟನ್ನು (ಸೂಪರ್ ಗ್ಲೂ, ಚಿಕ್ಕದಾಗಿ ಸೈನೋ) 20 ಗ್ರಾಂ ಬಾಟಲಿಗೆ ತುಂಬುತ್ತೇವೆ. ತೆಳು ದರ್ಜೆ, ಸ್ನಿಗ್ಧತೆ 5 ಸೆಂಟಿಪಾಯ್ಸ್ ಆಸುಪಾಸು. ಮಾಲು ಹೆಚ್ಚಾಗಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುತ್ತದೆ. ಎರಡು ದೂರು ನಿಲ್ಲುತ್ತಲೇ ಇಲ್ಲ.

ಮೊದಲನೆಯದು, ಕಾರ್ಟನ್ ಬಿಚ್ಚಿದಾಗ ಕೆಲವು ಬಾಟಲಿಗಳ ಹೆಗಲ ಮೇಲೆ ಅಂಟು ಹರಿದು ಗಟ್ಟಿಯಾಗಿರುತ್ತದೆ. ಎರಡನೆಯದು, ಗಿರಾಕಿ ಒಮ್ಮೆ ಬಳಸಿ ಮುಚ್ಚಿಟ್ಟು ವಾರ ಬಿಟ್ಟು ತಿರುಗಿಸಿದರೆ ಕ್ಯಾಪ್ ಅಲ್ಲಾಡುವುದಿಲ್ಲ. ಜೋರಾಗಿ ತಿರುಗಿಸಿದರೆ ಕ್ಯಾಪ್ ಜೊತೆಗೆ ನಾಝಲ್ಲೂ ಕಿತ್ತು ಬಂದು ಅಂಟು ಕೈಮೇಲೆ ಚೆಲ್ಲುತ್ತದೆ.

ವಿವರ: ಬಾಟಲಿ ಬಿಳಿ ಎಚ್‌ಡಿಪಿಇ (ಗಡಸು ಪಾಲಿಥೀನ್), ಬಾಯಿಮಟ್ಟ ತುಂಬಿದರೆ 28 ಮಿ.ಲೀ. ಹಿಡಿಯುತ್ತದೆ, ಗೋಡೆ ಸುಮಾರು 1 ಮಿ.ಮೀ. ನಾಝಲ್ ಎಲ್‌ಡಿಪಿಇ (ಮೆತ್ತನೆಯ ಪಾಲಿಥೀನ್), ಕತ್ತಿನೊಳಗೆ ಒತ್ತಿ ಕೂರಿಸುವಂಥದ್ದು, ತೂತು 1 ಮಿ.ಮೀ. ಕ್ಯಾಪ್ ಪಿಪಿ (ಪಾಲಿಪ್ರೊಪಿಲೀನ್), 20 ಮಿ.ಮೀ., ಒಳಗೆ 5 ಮಿ.ಮೀ. ಉದ್ದದ ಪಿನ್. ಕೈಯಲ್ಲೇ ತಿರುಗಿಸಿ ಮುಚ್ಚುತ್ತೇವೆ. ನೀರು ತುಂಬಿ ರಾತ್ರಿಯಿಡೀ ತಲೆಕೆಳಗಾಗಿ ಇಟ್ಟು ನೋಡಿದ್ದೇವೆ, ಒಂದು ಹನಿಯೂ ಸೋರಿಲ್ಲ. ಹಾಗಿದ್ದರೆ ತಪ್ಪು ಎಲ್ಲಿದೆ? ಕ್ಯಾಪ್ ಇನ್ನಷ್ಟು ಬಿಗಿ ಮಾಡಿದರೆ ಸೋರುವುದು ನಿಂತೀತು, ಆದರೆ ಬಿಚ್ಚುವುದು ಇನ್ನೂ ಕಷ್ಟವಾಗುವುದಿಲ್ಲವೇ?

ಮುಚ್ಚಳ_ಮೇಸ್ತ್ರಿ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬಿಗಿ ಮಾಡಿ ಪ್ರಯೋಜನವಿಲ್ಲ. ನಿಮ್ಮ ಬಾಟಲಿಯಲ್ಲಿ ಅಂಟು ಹೊರಬರಲು ಎರಡು ದಾರಿಗಳಿವೆ. ಒಂದು ನಾಝಲ್ ತುದಿ, ಅದನ್ನು ಪಿನ್ ಮುಚ್ಚುತ್ತದೆ. ಇನ್ನೊಂದು ನಾಝಲ್ ಬುಡ ಕತ್ತಿನೊಳಗೆ ಕೂರುವ ಜಾಗ. ಬುಡದಲ್ಲಿ ಸೋರಿದ್ದನ್ನು ಕ್ಯಾಪ್ ಎಷ್ಟು ಬಿಗಿ ಮಾಡಿದರೂ ತಡೆಯಲಾಗದು, ಅದು ಥ್ರೆಡ್ಡಿನಲ್ಲೇ ಇಳಿದು ಹೆಗಲಿಗೆ ಬರುತ್ತದೆ. ನಿಮ್ಮ ಮೊದಲ ದೂರು ಇದೇ ಇರಬೇಕು. ಹಾಗೆ ಥ್ರೆಡ್ಡಿಗಿಳಿದ ಅಂಟು ಅಲ್ಲೇ ಗಟ್ಟಿಯಾದರೆ ಅದೇ ನಿಮ್ಮ ಎರಡನೇ ದೂರು.

ಖಚಿತ ಮಾಡಿಕೊಳ್ಳಲು ವಾಪಸ್ ಬಂದ ಬಾಟಲಿಗಳ ಕ್ಯಾಪನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದುದ್ದಕ್ಕೆ ಸೀಳಿ. ಕ್ಯಾಪಿನ ಒಳತುದಿಯಲ್ಲಿ, ಪಿನ್ ಸುತ್ತ ಗಟ್ಟಿ ಅಂಟು ಸಿಕ್ಕರೆ ತಪ್ಪು ತುದಿಯದು. ಪಿನ್ ಚೊಕ್ಕಟವಾಗಿದ್ದು ಥ್ರೆಡ್ಡಿನ ಸಾಲುಗಳು ಮಾತ್ರ ತುಂಬಿದ್ದರೆ ತಪ್ಪು ಬುಡದ್ದು. ಇಪ್ಪತ್ತು ಮೂವತ್ತು ಬಾಟಲಿ ಸೀಳಿದರೆ ಚಿತ್ರ ಸ್ಪಷ್ಟವಾಗುತ್ತದೆ.

ನೀರಿನ ಪರೀಕ್ಷೆ ನಿಮಗೆ ಸುಳ್ಳು ಹೇಳಿದೆ. ನೀರಿನ ಮೇಲ್ಮೈ ಸೆಳೆತ ಮೀಟರಿಗೆ 72 ಮಿಲಿನ್ಯೂಟನ್, ಸೈನೋದ್ದು 33ರ ಆಸುಪಾಸು. ನೀರು ಹನಿಗಟ್ಟಿ ನಿಲ್ಲುವ ಸಂದಿಯಲ್ಲಿ ಸೈನೋ ಹಾಯಾಗಿ ನುಸುಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತುಂಬಿ ಪರೀಕ್ಷಿಸಿ (ಅದು 22ರ ಹತ್ತಿರ, ಅಂದರೆ ಅಂಟಿಗಿಂತಲೂ ಕಠಿಣ ಪರೀಕ್ಷೆ). ಚಿಟಿಕೆ ಬಣ್ಣ ಬೆರೆಸಿ, ಬಿಳಿ ಕಾಗದದ ಮೇಲೆ ಬೋರಲು ಹಾಕಿದರೆ ಸಾಕು. ಕೋಣೆಯಲ್ಲಿ ಗಾಳಿಯಾಡುತ್ತಿರಲಿ, ಬೆಂಕಿ ಹತ್ತಿರ ಬೇಡ. ಪರೀಕ್ಷೆಗೆ ಬಳಸಿದ ಬಾಟಲಿಗೆ ಮತ್ತೆ ಅಂಟು ತುಂಬಬೇಡಿ.

ಇನ್ನು ಘಾಟಿಯ ಲೆಕ್ಕ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್, 900 ಮೀಟರ್ ಮೀರಿದ ಬೆಂಗಳೂರಿನಲ್ಲಿ ಸುಮಾರು 91. ನೀವು 28 ಡಿಗ್ರಿಯಲ್ಲಿ ಮುಚ್ಚಿದ ಬಾಟಲಿ ಬಿಸಿಲಲ್ಲಿ ನಿಂತ ಲಾರಿಯೊಳಗೆ 50 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ 108 ದಾಟುತ್ತದೆ. ಅಂದರೆ ಒಳಗೂ ಹೊರಗೂ 18 ಕಿಲೋಪಾಸ್ಕಲ್‌ನಷ್ಟು ವ್ಯತ್ಯಾಸ. ನಿಮ್ಮ ರಾತ್ರಿಯಿಡೀ ಪರೀಕ್ಷೆಯಲ್ಲಿ ಸೀಲಿನ ಮೇಲೆ ಬಿದ್ದದ್ದು ನಾಲ್ಕೈದು ಸೆಂಟಿಮೀಟರ್ ನೀರಿನ ಭಾರ, ಅರ್ಧ ಕಿಲೋಪಾಸ್ಕಲ್ಲೂ ಇಲ್ಲ! ಹಾಗಾಗಿ ಬೋರಲು ಹಾಕಿದ ಬಾಟಲಿಯನ್ನು ವ್ಯಾಕ್ಯೂಮ್ ಡೆಸಿಕೇಟರಿನಲ್ಲಿಟ್ಟು (ಪಂಪಿನಿಂದ ಗಾಳಿ ಎಳೆಯಬಹುದಾದ ಮುಚ್ಚಿದ ಪಾತ್ರೆ) ಹೊರಗಿಗಿಂತ 30 ಕಿಲೋಪಾಸ್ಕಲ್ ಕಡಿಮೆಗೆ ಇಳಿಸಿ 10 ನಿಮಿಷ ಹಿಡಿಯಿರಿ. ಪಂಪಿಗೂ ಡೆಸಿಕೇಟರಿಗೂ ನಡುವೆ ಒಂದು ಟ್ರ್ಯಾಪ್ ಇರಲಿ, ಆಲ್ಕೊಹಾಲ್ ಆವಿ ಪಂಪಿನ ಎಣ್ಣೆಗೆ ಹೋಗಬಾರದು.

ಇದೇ ಲೆಕ್ಕ ಮುಂದೆ ಗಿರಾಕಿಯ ಕೈಯಲ್ಲೂ ಕೆಲಸ ಮಾಡುತ್ತದೆ. 20 ಗ್ರಾಂ ಅಂಟು ಅಂದರೆ 19 ಮಿ.ಲೀ., ಮೇಲೆ 9 ಮಿ.ಲೀ. ಗಾಳಿ. ಆ ಗಾಳಿ ಬೆಂಗಳೂರಿನ ಒತ್ತಡಕ್ಕೆ ಹಿಗ್ಗಿದರೆ 10 ಮಿ.ಲೀ. ಆಗುತ್ತದೆ. ಬಾಟಲಿ ಅಡ್ಡ ಹಿಡಿದು ಮೊದಲ ಸಲ ತೆರೆದವನ ಕೈಗೆ ಒತ್ತದೆಯೇ 1 ಮಿ.ಲೀ. ಅಂಟು ಬರುತ್ತದೆ. ಆ ಮೊದಲ ಉಗುಳು ನಾಝಲ್ ಹೊರಮೈಯಲ್ಲಿಳಿದು ಥ್ರೆಡ್ಡಿಗೆ ಸೇರುತ್ತದೆ. "ನೆಟ್ಟಗೆ ಹಿಡಿದು ತೆರೆಯಿರಿ" ಎಂದು ಲೇಬಲ್ಲಿನಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಹಳೇ_ಕೆಮಿಸ್ಟ್:

ಮೇಸ್ತ್ರಿಗಳು ಹೇಳಿದ್ದು ಸರಿ. ವಸ್ತುವಿನ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ.

ಸೈನೋ ಒಣಗುವುದಲ್ಲ, ತೇವ ಸೋಕಿ ಗಟ್ಟಿಯಾಗುವುದು. ಒಂದಿಷ್ಟು ಕ್ಷಾರ ಸಿಕ್ಕರೂ ಸಾಕು, ಸರಪಳಿ ಶುರುವಾಗುತ್ತದೆ. ಅದನ್ನು ತಡೆದು ಹಿಡಿಯಲು ತಯಾರಕರು ಅತ್ಯಲ್ಪ ಪ್ರಮಾಣದ ಆಮ್ಲ ಹಾಕಿರುತ್ತಾರೆ. ಆ ಆಮ್ಲವನ್ನು ನಿಮ್ಮ ಪ್ಯಾಕಿಂಗ್ ತಿಂದುಹಾಕಬಾರದು. ಮಾಮೂಲಿ ಗಾಜಿನ ಬಾಟಲಿ ಬೇಡ ಅನ್ನುವುದು ಇದಕ್ಕೇ, ಗಾಜಿನ ಮೈ ಕ್ಷಾರೀಯ. ಮರುಬಳಕೆಯ ಪ್ಲಾಸ್ಟಿಕ್ ದಾಣಾ, ಸುಣ್ಣದಕಲ್ಲಿನ ಪುಡಿ ಬೆರೆಸಿದ ಅಗ್ಗದ ಮಾಸ್ಟರ್‌ಬ್ಯಾಚ್ (ಪ್ಲಾಸ್ಟಿಕ್ಕಿಗೆ ಬೆರೆಸುವ ಬಣ್ಣದ ದಾಣಾ), ಅಮೈನ್ ಜಾತಿಯ ಆಂಟಿಸ್ಟ್ಯಾಟಿಕ್ ಇವು ಯಾವುವೂ ಬಾಟಲಿ, ನಾಝಲ್, ಕ್ಯಾಪ್ ಮೂರರಲ್ಲೂ ಇರಕೂಡದು. ಬಾಟಲಿ ಸರಬರಾಜುದಾರರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹೊಸ ಲಾಟ್ ಬಂದಾಗೆಲ್ಲ 10 ಬಾಟಲಿ ತುಂಬಿ 70 ಡಿಗ್ರಿ ಓವನ್ನಿನಲ್ಲಿ ಕೆಲವು ದಿನ ಇಟ್ಟು, ಹಳೇ ಲಾಟಿನ ಜೊತೆ ಗಟ್ಟಿತನ ಹೋಲಿಸಿ ನೋಡಿ. ಒಳಗೇ ಗಟ್ಟಿಯಾಗುವ ಲಾಟ್ ಇಲ್ಲೇ ಸಿಕ್ಕಿಬೀಳುತ್ತದೆ.

ಕ್ಯಾಪ್ ಪಿಪಿ, ನಾಝಲ್ ಪಾಲಿಥೀನ್ ಆಗಿದ್ದರೆ ಸೈನೋ ಅವುಗಳಿಗೆ ನಿಜವಾಗಿ ಅಂಟುವುದೇ ಇಲ್ಲ. ಪ್ರೈಮರ್ ಹಾಕದೆ ಆ ಪ್ಲಾಸ್ಟಿಕ್ಕುಗಳನ್ನು ಅಂಟಿಸಲಾಗದು ಅನ್ನುವುದು ಅಂಟಿನ ಅಂಗಡಿಯವರಿಗೆಲ್ಲ ಗೊತ್ತು. ಮತ್ತೆ ಕ್ಯಾಪ್ ಯಾಕೆ ಬಿಚ್ಚುವುದಿಲ್ಲ? ಥ್ರೆಡ್ಡಿನ ಸಂದಿಯಲ್ಲಿ ಗಟ್ಟಿಯಾದ ಅಂಟು ಬೆಣೆಯ ಹಾಗೆ ಸಿಕ್ಕಿಕೊಂಡಿರುತ್ತದೆ, ಅಷ್ಟೇ. ಆದ್ದರಿಂದ ಥ್ರೆಡ್ಡಿನ ಸಾಲುಗಳು ದಪ್ಪಗೆ, ದೂರದೂರ ಇರಲಿ, ಸಾಲು ಕಡಿಮೆ ಇರಲಿ, ಸಂದಿ ಸಡಿಲ ಇರಲಿ. ಎರಡು ಸ್ಟಾರ್ಟಿನ ಥ್ರೆಡ್ (ಎರಡು ಕಡೆಯಿಂದ ಶುರುವಾಗಿ ಜೊತೆಯಾಗಿ ಸುತ್ತುವುದು) ಇಟ್ಟು ಮುಕ್ಕಾಲು ಸುತ್ತಿಗೆ ಬಿಚ್ಚುವ ಹಾಗೆ ಮಾಡಿದರೆ ಸಿಕ್ಕಿಕೊಳ್ಳುವ ಮೈಯೇ ಕಡಿಮೆಯಾಗುತ್ತದೆ. ಕ್ಯಾಪಿಗೆ ಎರಡು ರೆಕ್ಕೆ ಕೊಟ್ಟರೆ ಇಕ್ಕಳದ ಗೋಜಿಲ್ಲ. ಪಿನ್ ಮಾತ್ರ ಸ್ಟೀಲಿನದು ಬೇಡವೇ ಬೇಡ, ಲೋಹಕ್ಕೆ ಈ ಅಂಟು ಚೆನ್ನಾಗಿಯೇ ಹಿಡಿಯುತ್ತದೆ.

ಮಂಗಳೂರಿನ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 30 ಡಿಗ್ರಿಯಲ್ಲಿ ಶೇ. 80 ತೇವಾಂಶದ 9 ಮಿ.ಲೀ. ಗಾಳಿಯಲ್ಲಿ 0.2 ಮಿ.ಗ್ರಾಂ. ನೀರಿರುತ್ತದೆ. 20 ಗ್ರಾಂ ಅಂಟಿಗೆ ಅದು ಹತ್ತು ಲಕ್ಷಕ್ಕೆ ಹತ್ತು ಭಾಗ. ನೋಡಲು ಸಣ್ಣದು, ಆದರೆ ಆಮ್ಲದ ಪ್ರಮಾಣವೂ ಇದೇ ಅಳತೆಯದು. ತುಂಬುವ ಕೋಣೆಯನ್ನು ಡಿಹ್ಯುಮಿಡಿಫೈಯರ್ ಇಟ್ಟು ಶೇ. 40ಕ್ಕೆ ಇಳಿಸಿ. ಬಾಟಲಿಗಳ ಪಾಲಿಥೀನ್ ಚೀಲವನ್ನು ತುಂಬುವ ಹೊತ್ತಿಗೆ ಬಿಚ್ಚಿ, ಹಿಂದಿನ ರಾತ್ರಿ ಅಲ್ಲ. ಕೆಲಸದವರ ಕೈಗೆ ಹತ್ತಿಯ ಗ್ಲೌಸ್ ಕೊಡಬೇಡಿ. ಹತ್ತಿಗೆ ಸೈನೋ ಬಿದ್ದರೆ ತಟ್ಟನೆ ಗಟ್ಟಿಯಾಗಿ ಚರ್ಮ ಸುಡುವಷ್ಟು ಕಾವು ಬರುತ್ತದೆ. ಪಾಲಿಥೀನ್ ಗ್ಲೌಸ್ ಸಾಕು.

ಮೆತ್ತಗಿರಲಿ ಅಂತ ಬಾಟಲಿಯನ್ನೂ ಎಲ್‌ಡಿಪಿಇಗೆ ಬದಲಾಯಿಸುವ ಯೋಚನೆ ಯಾರಾದರೂ ಕೊಟ್ಟಾರು, ಒಪ್ಪಬೇಡಿ. ಅದರಲ್ಲಿ ನೀರಿನ ಆವಿ ಎಚ್‌ಡಿಪಿಇಗಿಂತ ಹಲವು ಪಟ್ಟು ಸುಲಭವಾಗಿ ನುಗ್ಗುತ್ತದೆ. ಬೋಲ್ಟ್ ಬಿಗಿ ಹಿಡಿಯುವ ಥ್ರೆಡ್‌ಲಾಕರ್ ಎಲ್‌ಡಿಪಿಇ ಬಾಟಲಿಯಲ್ಲಿ, ಅದೂ ಅರ್ಧಂಬರ್ಧ ತುಂಬಿ ಬರುವುದನ್ನು ನೋಡಿ ಹೀಗೆ ಹೇಳುವವರಿದ್ದಾರೆ. ಆ ಅಂಟಿನ ಜಾತಿಯೇ ಬೇರೆ. ಅದಕ್ಕೆ ಆಮ್ಲಜನಕ ಸಿಗುತ್ತಿದ್ದರೆ ಮಾತ್ರ ದ್ರವವಾಗಿ ಉಳಿಯುತ್ತದೆ, ಹಾಗಾಗಿ ಉಸಿರಾಡುವ ಬಾಟಲಿ ಬೇಕು. ಸೈನೋಗೆ ಉಸಿರು ಕಟ್ಟುವ ಬಾಟಲಿ ಬೇಕು.

ಗಮ್_ಡಬ್ಬಿ:

ಇಷ್ಟೆಲ್ಲ ತಲೆಬಿಸಿ ಯಾಕೆ ಸರ್, ಥ್ರೆಡ್ಡಿಗೆ ತೆಳ್ಳಗೆ ವ್ಯಾಸಲೀನ್ ಸವರಿ ಕಳಿಸಿದರೆ ಆಯ್ತಲ್ಲ? ಚಪ್ಪಲಿ ಕೆಲಸದವರ ರಬ್ಬರ್ ಸೊಲ್ಯೂಷನ್ ಡಬ್ಬಿಗೆ ಇದು ಕೆಲಸ ಮಾಡುತ್ತದೆ. ಅಂದಹಾಗೆ ಆ ಟಿನ್ ಡಬ್ಬಿಗಳ ಒತ್ತು ಮುಚ್ಚಳವೂ ಇದೇ ಪಾಡು. ಅದಕ್ಕೇನಾದರೂ ಹೇಳಿ.

ಹಳೇ_ಕೆಮಿಸ್ಟ್:

ರಬ್ಬರ್ ಸೊಲ್ಯೂಷನ್ನಿಗೆ ಸರಿ, ಸೈನೋಗೆ ಬೇಡ. ವ್ಯಾಸಲೀನ್ ಸವರಿದ ಬೆರಳು ನಾಝಲ್ ತುದಿಗೂ ಸೋಕುತ್ತದೆ, ಅಲ್ಲಿಂದ ಗಿರಾಕಿಯ ಜೋಡಣೆಗೆ ಹೋಗುತ್ತದೆ, ಅಂಟು ಹಿಡಿಯುವುದಿಲ್ಲ. ಸಿಲಿಕೋನ್ ಗ್ರೀಸ್ ಆದರೆ ಇನ್ನೂ ಕೆಟ್ಟದು, ಮೇಲೆ ಹೊಡೆಯುವ ಬಣ್ಣವೂ ಗುಳಿ ಬೀಳುತ್ತದೆ.

ಟಿನ್ ಡಬ್ಬಿಯ ಕಥೆ ಬೇರೆ. ಅದರಲ್ಲಿರುವುದು ಟೊಲ್ವೀನ್‌ನಂಥ ದ್ರಾವಕದಲ್ಲಿ ಕರಗಿಸಿದ ನಿಯೋಪ್ರಿನ್. ದ್ರಾವಕ ಹಾರಿದರೆ ಗಟ್ಟಿಯಾಗುತ್ತದೆ, ತಗಡಿಗೆ ಅಂಟುತ್ತದೆ ಕೂಡ. ತಪ್ಪು ಆಗುವುದು ಬಾಯಿಯ ಸುತ್ತಲಿನ ಕಾಲುವೆಯಲ್ಲಿ. ಬ್ರಷ್ ಒರೆಸುವುದು ಅದರ ಅಂಚಿಗೇ, ಅಂಟು ಕಾಲುವೆಗೆ ಇಳಿಯುತ್ತದೆ, ಮೇಲಿಂದ ಮುಚ್ಚಳ ಒತ್ತಿದರೆ ವೆಲ್ಡಿಂಗ್ ಮಾಡಿದ ಹಾಗೆ. ಬಾಯಿಗೆ ಅಡ್ಡಲಾಗಿ ಒಂದು ತಂತಿ ಕಟ್ಟಿ ಬ್ರಷ್ಷನ್ನು ಅದಕ್ಕೆ ಒರೆಸಿ. ಮುಚ್ಚುವ ಮೊದಲು ಕಾಲುವೆಯನ್ನು ಅದೇ ದ್ರಾವಕದಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಬಿಚ್ಚುವಾಗ ಸ್ಕ್ರೂಡ್ರೈವರಿನಿಂದ ಒಂದೇ ಕಡೆ ಮೀಟಬೇಡಿ. ಮುಚ್ಚಳ ಒಮ್ಮೆ ಸೊಟ್ಟಗಾದರೆ ಆಮೇಲೆ ಎಷ್ಟು ಒತ್ತಿದರೂ ಆವಿ ನಿಲ್ಲದು. ಸುತ್ತಲೂ ನಾಲ್ಕೈದು ಕಡೆ ಸ್ವಲ್ಪ ಸ್ವಲ್ಪವೇ ಎಬ್ಬಿಸಿ.

ತಗಡು ಬೇಡ ಎಂದು ಈ ಅಂಟನ್ನು ಮಾಮೂಲಿ ಎಚ್‌ಡಿಪಿಇ ಬಾಟಲಿಗೆ ತುಂಬುವವರೂ ಇದ್ದಾರೆ. ಟೊಲ್ವೀನ್ ಗೋಡೆಯಲ್ಲೇ ಹಾದು ಹೊರಹೋಗಿ ಬಾಟಲಿಯ ಪಕ್ಕೆ ಒಳಗೆ ಸೆಳೆದುಕೊಳ್ಳುತ್ತದೆ, ತೂಕವೂ ಇಳಿಯುತ್ತದೆ. ಪ್ಲಾಸ್ಟಿಕ್ಕೇ ಬೇಕೆಂದರೆ ನೈಲಾನ್ ಅಥವಾ ಇವಿಓಎಚ್ (ದ್ರಾವಕದ ಆವಿ ತಡೆಯುವ ಪ್ಲಾಸ್ಟಿಕ್) ಪದರವಿರುವ ಬಾಟಲಿ, ಇಲ್ಲವೇ ಒಳಮೈಗೆ ಫ್ಲೋರಿನ್ ಉಪಚಾರ ಮಾಡಿದ್ದು.

ಮುಚ್ಚಳ_ಮೇಸ್ತ್ರಿ:

ಮೂಲ ಪ್ರಶ್ನೆಗೆ ವಾಪಸ್. ನಿಮ್ಮ 5 ಮಿ.ಮೀ. ಪಿನ್ ಬಗ್ಗೆ ಯಾರೂ ಹೇಳಲಿಲ್ಲ. 1 ಮಿ.ಮೀ. ದಪ್ಪದ ಪಿನ್ 5 ಮಿ.ಮೀ. ಒಳಗಿಳಿದರೆ ಸುಮಾರು 4 ಮೈಕ್ರೋಲೀಟರ್ ಅಂಟನ್ನು ಪಿಸ್ಟನ್ನಿನ ಹಾಗೆ ತಳ್ಳುತ್ತದೆ. ನಾಝಲ್ ಖಾಲಿಯಿದ್ದರೆ ಅದು ಕೆಳಗೆ ಹೋಗುತ್ತದೆ, ತುಂಬಿದ್ದರೆ ಮೇಲಕ್ಕೆ ಉಕ್ಕುತ್ತದೆ. ಹನಿಯ ಐದನೇ ಒಂದು ಪಾಲು ಅಷ್ಟೇ, ಆದರೆ ದಿನಕ್ಕೆ ನಾಲ್ಕು ಸಲ ತೆರೆದು ಮುಚ್ಚುವ ಕಡೆ ವಾರದೊಳಗೆ ಕ್ಯಾಪಿನೊಳಗೆ ಒಂದು ಮೊಳೆಯೇ ಬೆಳೆಯುತ್ತದೆ. ಪಿನ್ 2 ಮಿ.ಮೀ. ಸಾಕು, ತುದಿ ಶಂಕುವಿನಂತೆ ಇಳಿಜಾರಾಗಿರಲಿ. ತೂತಿನ ಬಾಯಂಚಿಗೆ ಬಂದು ಕೂತರೆ ಸೀಲ್ ಆಯಿತು, ಒಳಗೆ ತೂರಬೇಕಿಲ್ಲ.

ನಾಝಲ್ ಒಳಗಿನ ದಾರಿಯೂ ಮುಖ್ಯ. 1 ಮಿ.ಮೀ. ತೂತು ಉದ್ದಕ್ಕೂ ಇದ್ದರೆ ಅಂಟು ಅದರಲ್ಲಿ ನಿಂತುಬಿಡುತ್ತದೆ, ಕುಕ್ಕಿದರೂ ಇಳಿಯುವುದಿಲ್ಲ. ಕಿರಿದಾದ ಭಾಗ ಕೊನೆಯ 3 ಮಿ.ಮೀ. ಮಾತ್ರ ಇರಲಿ, ಅದರ ಕೆಳಗೆ ತಟ್ಟನೆ 3 ಮಿ.ಮೀ.ಗೆ ಅಗಲವಾಗಲಿ. ಬಾಟಲಿ ಒತ್ತಿ ಬಿಟ್ಟಾಗ ಒಳಸೆಳೆಯುವ ಗಾಳಿ ಆ ಚಿಕ್ಕ ಭಾಗವನ್ನು ತೊಳೆದ ಹಾಗೆ ಖಾಲಿ ಮಾಡುತ್ತದೆ. ಆ ಗಾಳಿಯ ಜೊತೆ ತೇವವೂ ಒಳಬರುವುದು ಈ ಬಾಟಲಿಯ ಹುಟ್ಟುಗುಣ. ಅದು ಬೇಡವೆಂದರೆ ಅಲ್ಯೂಮಿನಿಯಂ ಟ್ಯೂಬೇ ಗತಿ, ಹಿಂಡಿದರೆ ಹಿಂಡಿದ ಹಾಗೇ ಇರುತ್ತದೆ. ವಾರಕ್ಕೊಮ್ಮೆ ಬಳಸುವ ಮನೆಗಿರಾಕಿಗೆ 20 ಗ್ರಾಂ ಬಾಟಲಿ ಮಾರುವುದೇ ನನ್ನ ಪ್ರಕಾರ ತಪ್ಪು. ಅವರಿಗೆ 3 ಗ್ರಾಂ ಟ್ಯೂಬ್ ಕೊಡಿ, ಬಾಟಲಿ ವರ್ಕ್‌ಶಾಪಿನವರಿಗಿರಲಿ.

ನಾಝಲ್ ಬುಡದ ಸುತ್ತ 1.5 ಮಿ.ಮೀ. ಎತ್ತರದ ಒಂದು ಕಟ್ಟೆ ಕೊಡಿ. ಹೊರಮೈಯಲ್ಲಿ ಇಳಿದ ಹನಿ ಆ ಕಟ್ಟೆಯೊಳಗೇ ನಿಂತು ಗಟ್ಟಿಯಾಗಲಿ, ಥ್ರೆಡ್ಡಿಗೆ ಇಳಿಯದಿರಲಿ.

ಕೈಯಲ್ಲಿ ತಿರುಗಿಸುವುದನ್ನು ಬಿಡಿ. ಬೆಳಗಿನ ಕೈಗೂ ಸಂಜೆಯ ಕೈಗೂ ಅಜಗಜಾಂತರ. ಕ್ಯಾಪಿನ ಮಿ.ಮೀ. ಅಳತೆಯ ಅರ್ಧದಷ್ಟು ಇಂಚು-ಪೌಂಡ್ ಅನ್ನುವುದು ಪ್ಯಾಕಿಂಗಿನವರ ಹಳೇ ಲೆಕ್ಕ. ನಿಮ್ಮ 20 ಮಿ.ಮೀ.ಗೆ 10 ಇಂಚು-ಪೌಂಡ್, ಅಂದರೆ 1.1 ನ್ಯೂಟನ್-ಮೀಟರ್. ಒಂದು ದಿನ ಬಿಟ್ಟು ಬಿಚ್ಚುವ ಟಾರ್ಕ್ ಅಳೆಯಿರಿ. ಪ್ಲಾಸ್ಟಿಕ್ ಸಡಿಲಗೊಂಡು ಅರ್ಧಕ್ಕೆ ಇಳಿದಿದ್ದರೆ ಗಾಬರಿ ಬೇಡ. ಕಾಲು ಭಾಗಕ್ಕೂ ಕೆಳಗೆ ಹೋಗಿದ್ದರೆ ಥ್ರೆಡ್ ಹಾರುತ್ತಿದೆ ಅಥವಾ ಕ್ಯಾಪ್ ಹಿಗ್ಗಿದೆ ಎಂದರ್ಥ.

ಬೈಕಂಪಾಡಿ_ಫಿಲ್ಲಿಂಗ್:

ಎಲ್ಲರಿಗೂ ಧನ್ಯವಾದ. ವಾಪಸ್ ಬಂದ 30 ಬಾಟಲಿ ಸೀಳಿದೆ. 22ರಲ್ಲಿ ಪಿನ್ ಚೊಕ್ಕಟ, ಥ್ರೆಡ್ ತುಂಬಿದೆ. ಆ 22ರಲ್ಲೂ ಅಂಟು ಹರಿದ ಗುರುತು ಬಾಟಲಿಯ ಎರಡು ಎದುರುಬದುರು ಪಕ್ಕಗಳಲ್ಲಿ ಮಾತ್ರ ಇದೆ. ಇದರರ್ಥ ಏನು? ಬಾಟಲಿ ಎಕ್ಸ್‌ಟ್ರೂಷನ್ ಬ್ಲೋ (ಬಿಸಿ ಪ್ಲಾಸ್ಟಿಕ್ ಕೊಳವೆಯನ್ನು ಮೋಲ್ಡಿನೊಳಗೆ ಊದಿ ಮಾಡಿದ್ದು). ನಾಝಲ್ ಮತ್ತು ಕ್ಯಾಪ್ ಮೋಲ್ಡ್ ನಮ್ಮದೇ, ತಿದ್ದಿಸಬಹುದು. ಇನ್ನೊಂದು, ಸ್ಯಾಂಪಲ್ಲುಗಳನ್ನು ವಿಮಾನದ ಕೊರಿಯರಿನಲ್ಲಿ ಕಳಿಸಬಹುದೇ?

ಡೈ_ಶಾಪ್:

ಎದುರುಬದುರು ಅಂದಿರಲ್ಲ, ಅದು ಮೋಲ್ಡಿನ ಎರಡು ಹೋಳು ಸೇರುವ ಗೆರೆ. ಕತ್ತಿನೊಳಗೆ ಉಗುರು ಆಡಿಸಿ ನೋಡಿ, ಗೀರು ಸಿಗುತ್ತದೆ. ಎಕ್ಸ್‌ಟ್ರೂಷನ್ ಬ್ಲೋದಲ್ಲಿ ಕತ್ತಿನ ಹೊರಮೈ ಮೋಲ್ಡಿನ ಅಳತೆಗೆ ಬರುತ್ತದೆ, ಒಳಮೈಯನ್ನು ಬ್ಲೋ ಪಿನ್ ಒತ್ತಿ ಸರಿಮಾಡಬೇಕು. ಆ ಪಿನ್ ಸವೆದಿದ್ದರೆ ಒಳಗೆ ಮೊಟ್ಟೆಯಾಕಾರ. ಟೆಲಿಸ್ಕೋಪಿಕ್ ಗೇಜಿನಿಂದ ಕತ್ತಿನ ಒಳವ್ಯಾಸವನ್ನು ಗೆರೆಯ ನೇರಕ್ಕೊಮ್ಮೆ, ಅದಕ್ಕೆ ಅಡ್ಡಲಾಗಿ ಒಮ್ಮೆ ಅಳೆಯಿರಿ. ಎರಡರ ವ್ಯತ್ಯಾಸ 0.15 ಮಿ.ಮೀ. ದಾಟಿದ್ದರೆ ಬಾಟಲಿಯವರಿಗೆ ಹೊಸ ಬ್ಲೋ ಪಿನ್ ಹಾಕಲು ಹೇಳಿ. ಇಂಜೆಕ್ಷನ್ ಬ್ಲೋ ಬಾಟಲಿ ಸಿಕ್ಕರೆ ಈ ತಕರಾರೇ ಇಲ್ಲ, ಕತ್ತು ಇಂಜೆಕ್ಷನ್ನಿನಲ್ಲೇ ಗುಂಡಗೆ ಬರುತ್ತದೆ, ಬೆಲೆ ಮಾತ್ರ ಹೆಚ್ಚು.

ನಾಝಲ್ ಬುಡವನ್ನು ಉದ್ದಕ್ಕೂ ಒಂದೇ ದಪ್ಪ ಮಾಡಬೇಡಿ. ಎರಡು ಸಣ್ಣ ಬಳೆಗಳನ್ನು ಎಬ್ಬಿಸಿ, ಬಳೆಯ ವ್ಯಾಸ ಕತ್ತಿನ ಒಳವ್ಯಾಸಕ್ಕಿಂತ 0.2ರಿಂದ 0.3 ಮಿ.ಮೀ. ಹೆಚ್ಚಿರಲಿ. ಕೆಳಗಿನ ಬಳೆಯನ್ನು ಕತ್ತಿನ ಒಳ ಅಂಚು ಮುಗಿಯುವ ಜಾಗಕ್ಕೆ ಸರಿಯಾಗಿ ಇಟ್ಟರೆ ಅದು ಕೊಕ್ಕೆಯ ಹಾಗೆ ಹಿಡಿಯುತ್ತದೆ. ಆಗ ಕ್ಯಾಪ್ ಎಳೆದರೂ ನಾಝಲ್ ಕಿತ್ತು ಬರುವುದಿಲ್ಲ. ಅಳತೆಯನ್ನು ಮೋಲ್ಡಿಂದ ಬಿದ್ದ ಬಿಸಿ ಪೀಸಿನ ಮೇಲೆ ತೆಗೆಯಬೇಡಿ, ಪಾಲಿಥೀನ್ ಮೊದಲ 24 ಗಂಟೆ ಕುಗ್ಗುತ್ತಲೇ ಇರುತ್ತದೆ.

ಮೋಲ್ಡ್ ತಿದ್ದುವ ಖರ್ಚು ಎರಡಕ್ಕೂ ಒಂದೇ ಅಲ್ಲ. ನಾಝಲ್ಲಿಗೆ ಬಳೆ ಎಬ್ಬಿಸಲು, ಕಟ್ಟೆ ಕೊಡಲು ಮೋಲ್ಡಿನಲ್ಲಿ ಉಕ್ಕು ಕೊರೆದರಾಯಿತು, ಲೇಥಿನಲ್ಲೇ ಮುಗಿಯುತ್ತದೆ. ಕ್ಯಾಪಿನ ಪಿನ್ ಗಿಡ್ಡ ಮಾಡುವುದು ಉಲ್ಟಾ ಕೆಲಸ. ಪಿನ್ ಅಂದರೆ ಮೋಲ್ಡಿನ ಕೋರಿನಲ್ಲಿರುವ (ಕ್ಯಾಪಿನ ಒಳಮೈಗೆ ರೂಪ ಕೊಡುವ ಉಕ್ಕಿನ ಭಾಗ) ತೂತು, ಅದನ್ನು ತುಂಬಬೇಕು. ವೆಲ್ಡಿಂಗ್ ಮಾಡಲು ಹೋಗಬೇಡಿ, ಅಳತೆ ಓಡುತ್ತದೆ. ತೂತನ್ನು ದೊಡ್ಡದು ಮಾಡಿ, ತುದಿಯಲ್ಲಿ 2 ಮಿ.ಮೀ. ಶಂಕುವಿನ ಗುಳಿ ಇರುವ ಇನ್ಸರ್ಟ್ (ಬೇರೆ ಉಕ್ಕಿನ ತುಂಡು) ಹೊಡೆಸಿ. ಇನ್ಸರ್ಟಿನ ಪಕ್ಕದಲ್ಲಿ ಗಾಳಿ ಹೋಗಲು 0.02 ಮಿ.ಮೀ. ಸಂದಿ ಬಿಡಿ, ಇಲ್ಲದಿದ್ದರೆ ಪಿನ್ ತುದಿ ತುಂಬದೆ ಮೊಂಡಾಗಿ, ಸುಟ್ಟ ಕಲೆ ಬೀಳುತ್ತದೆ. ಮೊಂಡು ಪಿನ್ ಸೀಲ್ ಮಾಡುವುದಿಲ್ಲ.

ವಿಮಾನದ ವಿಷಯ: ಸೈನೋದ ಫ್ಲ್ಯಾಶ್ ಪಾಯಿಂಟ್ (ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ) 80 ಡಿಗ್ರಿಗಿಂತ ಮೇಲಿರುವುದರಿಂದ ಲಾರಿಗೆ ಬೆಂಕಿಯ ವರ್ಗ ಬರುವುದಿಲ್ಲ, ಆದರೆ ವಿಮಾನಕ್ಕೆ ಅದು ಅಪಾಯಕಾರಿ ಸರಕು, ಯುಎನ್ ಸಂಖ್ಯೆ 3334, 9ನೇ ವರ್ಗ. ಸುಮ್ಮನೆ "ಸ್ಯಾಂಪಲ್" ಎಂದು ಬರೆದು ಕಳಿಸಬೇಡಿ. ಮೇಲೆ ಕೇಳಿದ ರಬ್ಬರ್ ಸೊಲ್ಯೂಷನ್ ಯುಎನ್ 1133, ಉರಿಯುವ ದ್ರವ, ಅದು ಲಾರಿಗೂ ಅನ್ವಯ. ವಿಮಾನಕ್ಕೆ ಒಳಬಾಟಲಿ 95 ಕಿಲೋಪಾಸ್ಕಲ್ ವ್ಯತ್ಯಾಸ ತಡೆಯಬೇಕು. ಇದನ್ನು ಬೆಂಗಳೂರಿನ ಲ್ಯಾಬಿನಲ್ಲಿ ಬರೀ ವ್ಯಾಕ್ಯೂಮಿನಿಂದ ಮಾಡಲಾಗದು, ಅಲ್ಲೇ ಮುಚ್ಚಿದ ಬಾಟಲಿಗೆ ಪೂರ್ತಿ ಗಾಳಿ ಎಳೆದರೂ ಸಿಗುವುದು 91. ಬಾಟಲಿಯ ತಳಕ್ಕೆ ಫಿಟ್ಟಿಂಗ್ ಹಾಕಿ ಒಳಗಿಂದ ಗಾಳಿ ಕೊಟ್ಟು ನೋಡುವುದೇ ದಾರಿ.

ಲೇಬಲ್ಲಿಗೆ ಇಷ್ಟು ಹಾಕಿ: ನೆಟ್ಟಗೆ ಹಿಡಿದು ತೆರೆಯಿರಿ, ಬಳಸಿದ ಮೇಲೆ ನೆಟ್ಟಗೆ ನಿಲ್ಲಿಸಿ ಮೇಜಿಗೆ ಎರಡು ಸಲ ಕುಕ್ಕಿ, ತುದಿಯನ್ನು ಪ್ಲಾಸ್ಟಿಕ್ ಕವರಿನ ಚೂರಿನಿಂದ ಒರೆಸಿ, ಬಟ್ಟೆಯಿಂದಲ್ಲ, ತೆರೆದ ಬಾಟಲಿಯನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಫ್ರಿಜ್ ತೆರೆಯದ ಬಾಟಲಿಗೆ ಮಾತ್ರ. ತಣ್ಣಗಿರುವಾಗಲೇ ತೆರೆದರೆ ಒಳಗೆ ಬೆವರುತ್ತದೆ, ಹೊರಗಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಬೇಕು. ಈಗಾಗಲೇ ಸಿಕ್ಕಿಕೊಂಡ ಕ್ಯಾಪಿಗೆ ಅಸಿಟೋನ್: ಬಾಟಲಿ ಓರೆ ಹಿಡಿದು ಥ್ರೆಡ್ಡಿನ ಅಂಚಿಗೆ ಐದಾರು ಹನಿ ಬಿಟ್ಟು ಕಾಲು ಗಂಟೆ ಕಾದು ತಿರುಗಿಸಿ. ಪಿಪಿಗೂ ಪಾಲಿಥೀನಿಗೂ ಏನೂ ಆಗದು, ಲೇಬಲ್ ಬಣ್ಣ ಹೋಗಬಹುದು.

ಮೋಲ್ಡಿನ ಅಷ್ಟೂ ಕ್ಯಾವಿಟಿ (ಒಂದೊಂದು ಪೀಸ್ ತಯಾರಾಗುವ ಗುಳಿ) ಒಟ್ಟಿಗೆ ತಿದ್ದಿಸಬೇಡಿ. ಒಂದನ್ನೇ ತಿದ್ದಿಸಿ 200 ಪೀಸ್ ತೆಗೆದು, ಐಸೊಪ್ರೊಪೈಲ್ ತುಂಬಿ, ಮೇಸ್ತ್ರಿಗಳು ಹೇಳಿದ ವ್ಯಾಕ್ಯೂಮಿಗೆ ಹಾಕಿ. ಬಳೆ 0.2ಕ್ಕೆ ಸೋರಿದರೆ 0.3ಕ್ಕೆ ಕೊರೆಯಬಹುದು, ಮೊದಲೇ 0.3 ಕೊರೆದು ನಾಝಲ್ ಕೂರದಿದ್ದರೆ ಹಿಂದಕ್ಕೆ ಬರಲಾಗದು.

ಬೈಕಂಪಾಡಿ_ಫಿಲ್ಲಿಂಗ್:

ಅಳೆದೆ. ಗೆರೆಯ ನೇರಕ್ಕೆ 13.42, ಅಡ್ಡಕ್ಕೆ 13.18. ಬಾಟಲಿಯವರಿಗೆ ಫೋನ್ ಮಾಡುತ್ತಿದ್ದೇನೆ. ಬಳೆಗೆ ಯಾವ ವ್ಯಾಸ ಹಿಡಿಯಲಿ?

ಡೈ_ಶಾಪ್:

0.24 ವ್ಯತ್ಯಾಸಕ್ಕೆ ಯಾವ ಬಳೆಯೂ ಸರಿಹೊಂದದು, ಅಗಲದ ಕಡೆಗೆ ಸರಿಮಾಡಿದರೆ ಕಿರಿದಾದ ಕಡೆ ನಾಝಲ್ ಸುಕ್ಕುಗಟ್ಟುತ್ತದೆ. ಮೊದಲು ಹೊಸ ಬ್ಲೋ ಪಿನ್ನಿನ ಬಾಟಲಿ ತರಿಸಿ ಅಳೆಯಿರಿ. ಅಲ್ಲಿಯವರೆಗೆ ನಾಝಲ್ ಮೋಲ್ಡ್ ಮುಟ್ಟಬೇಡಿ.